ಕೀಲಿಮಣೆಯ ಮೇಲೂ ಮಾತೃಭಾಷೆ ಇರಲಿ: ಗಡಿಯಾಚೆಯ ಕನ್ನಡ ಹೆತ್ತವರಲ್ಲೊಂದು ನಿವೇದನೆ



ಪ್ಲಸ್ ಟು ಮುಗಿಸಿ ಕಾಲೇಜು ಸೇರುವ ನಮ್ಮ ಮಕ್ಕಳಲ್ಲಿ ಅನೇಕರು ಈಗ ಒಂದು ಆನ್‌ಲೈನ್ ಕೋರ್ಸಿಗೂ ಹೆಸರು ಕೊಡುತ್ತಾರೆ. ಕಂಪ್ಯೂಟರ್ ಪ್ರಾಥಮಿಕ ಜ್ಞಾನ, ಆಫೀಸ್ ಆಟೊಮೇಶನ್, ವರ್ಡ್ ಪ್ರೊಸೆಸಿಂಗ್ ಎಂದು ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಪಾಠ ಹೆಚ್ಚುಕಡಿಮೆ ಒಂದೇ. ಹೊಸ ಕಡತ ತೆರೆಯುವುದು, ಬರೆದುದನ್ನು ಉಳಿಸುವುದು, ಅಕ್ಷರ ದಪ್ಪ ಮಾಡುವುದು, ಕೋಷ್ಟಕ ಹಾಕುವುದು, ರಜಾಚೀಟಿ ಬರೆಯುವುದು, ಮುದ್ರಿಸುವುದು. ಕೊನೆಗೊಂದು ಪರೀಕ್ಷೆ, ಒಂದು ಪ್ರಮಾಣಪತ್ರ. ಶುಲ್ಕ ಕಟ್ಟುವಾಗ ನಾವು ಅವಧಿ ಎಷ್ಟು, ಪ್ರಮಾಣಪತ್ರಕ್ಕೆ ಬೆಲೆ ಇದೆಯೇ ಎಂದು ವಿಚಾರಿಸುತ್ತೇವೆ. ಈ ಕೋರ್ಸಿನಲ್ಲಿ ನನ್ನ ಮಗು ಕನ್ನಡದಲ್ಲಿ ಒಂದು ಪುಟವನ್ನಾದರೂ ಬೆರಳಚ್ಚಿಸಲು ಕಲಿಯುತ್ತದೆಯೇ ಎಂದು ಕೇಳುವವರು ವಿರಳ.

ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಕನ್ನಡದಲ್ಲಿ ಒಂದು ಅರ್ಜಿಯನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಲು ಬಾರದಿದ್ದರೆ, ಆ ಹತ್ತು ವರ್ಷದ ಶಿಕ್ಷಣ ಕಾಗದ ಮತ್ತು ಲೇಖನಿಯ ಎಲ್ಲೆಯಲ್ಲೇ ನಿಂತಂತೆ. ಇಂದು ಕಚೇರಿ, ಕಾಲೇಜು, ನ್ಯಾಯಾಲಯ, ಪತ್ರಿಕೆ ಯಾವುದೂ ಆ ಎಲ್ಲೆಯೊಳಗೆ ಉಳಿದಿಲ್ಲ.

ಇದು ಸಣ್ಣ ವಿದ್ಯೆಯಲ್ಲ

ಪದಸಂಸ್ಕರಣೆ ಎಂದರೆ ಗುಮಾಸ್ತರ ಕೆಲಸ, ಬುದ್ಧಿವಂತ ಮಗುವಿಗೆ ಅದೇಕೆ ಎಂಬ ತಾತ್ಸಾರ ನಮ್ಮಲ್ಲಿ ಕೆಲವರಿಗಿದೆ. ಅಲ್ಪಸಂಖ್ಯಾತರ ಹಕ್ಕುಗಳ ಕಡೆಯಿಂದ ನೋಡಿದಾಗ ಈ ವಿದ್ಯೆಯ ತೂಕ ಬೇರೆಯೇ ಆಗುತ್ತದೆ.

ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸಬಹುದು. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ, ಏಳನೆಯ ತಿದ್ದುಪಡಿಯ ಮೂಲಕ, ಇದರ ಜೊತೆಗೆ 350ಎ ಮತ್ತು 350ಬಿ ಸೇರಿದವು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆನ್ನುತ್ತದೆ; ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸಬೇಕೆನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ.

ಈ ಹಕ್ಕುಗಳು ಬಳಸಿದಷ್ಟು ಕಾಲ ಮಾತ್ರ ಬದುಕಿರುತ್ತವೆ. ಮನವಿ ಈಗ ಮಿಂಚಂಚೆಯಲ್ಲಿ ಹೋಗುತ್ತದೆ. ಜಾಲತಾಣದ ಚೌಕದೊಳಗೆ ತುಂಬಬೇಕಾಗುತ್ತದೆ. ಪಿಡಿಎಫ್ ಕಡತವಾಗಿ ಲಗತ್ತಿಸಬೇಕಾಗುತ್ತದೆ. ಕನ್ನಡದಲ್ಲಿ ಬೆರಳಚ್ಚಿಸಲು ಬಾರದವನು ಅಲ್ಲಿ ಏನು ಮಾಡುತ್ತಾನೆ? ಅಕ್ಷಯ ಕೇಂದ್ರಕ್ಕೆ ಹೋಗಿ ಬಾಯಲ್ಲಿ ಹೇಳುತ್ತಾನೆ, ಅಲ್ಲಿರುವವರು ತಮಗೆ ಬರುವ ಭಾಷೆಯಲ್ಲಿ ತುಂಬುತ್ತಾರೆ. ಕಚೇರಿಗೆ ಕನ್ನಡದ ಅರ್ಜಿ ಬರಲೇ ಇಲ್ಲ ಎಂದಾಗುತ್ತದೆ. ಕನ್ನಡದಲ್ಲಿ ಅರ್ಜಿ ಬಾರದ ಕಚೇರಿಯಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಬೇಕೆಂದು ವಾದಿಸಲು ನಮ್ಮ ಕೈಯಲ್ಲಿ ಯಾವ ಪುರಾವೆ ಉಳಿದೀತು?

ಶಾಲೆಯ ಒಳಗೂ ಇದೇ ಕಥೆ. ರಕ್ಷಕ-ಶಿಕ್ಷಕ ಸಂಘದ ನೋಟೀಸು ಕನ್ನಡ ವಿಭಾಗದ ಹೆತ್ತವರಿಗೂ ಬೇರೆ ಭಾಷೆಯಲ್ಲಿ ಬರುವುದಕ್ಕೆ ಪ್ರತಿ ಬಾರಿಯೂ ದ್ವೇಷವೇ ಕಾರಣವಲ್ಲ. ಕನ್ನಡದಲ್ಲಿ ಬೆರಳಚ್ಚಿಸಿ ಕೊಡುವವರು ಆ ಹೊತ್ತಿಗೆ ಸಿಗಲಿಲ್ಲ ಎಂಬುದೂ ಕಾರಣವಾಗಿರುತ್ತದೆ. ಒತ್ತಕ್ಷರ ಕಳಚಿಬಿದ್ದ, ದೀರ್ಘ ಹೃಸ್ವವಾದ ಕನ್ನಡ ಪ್ರಶ್ನೆಪತ್ರಿಕೆಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕನ್ನಡ ಕೀಲಿಮಣೆ ಬಲ್ಲ ಯುವಕ ಯುವತಿಯರು ಸಾಕಷ್ಟು ಇದ್ದಲ್ಲಿ ಈ ದುಃಸ್ಥಿತಿಯ ಒಂದು ಪಾಲಾದರೂ ತಪ್ಪುತ್ತಿತ್ತು.

ಕೋರ್ಸು ಹೇಳದೆಯೇ ಕಲಿಸುವ ಪಾಠ

ಇಂಥ ಕೋರ್ಸುಗಳಲ್ಲಿ ಉದಾಹರಣೆ, ಅಭ್ಯಾಸ, ಪರೀಕ್ಷೆ ಎಲ್ಲವೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅಪರೂಪಕ್ಕೆ ರಾಜ್ಯಭಾಷೆಯಲ್ಲಿ ಇರುತ್ತವೆ. ಮಹಾರಾಷ್ಟ್ರದಲ್ಲಿ 2001ರಿಂದ ನಡೆಯುತ್ತಿರುವ ಎಂ.ಎಸ್.-ಸಿ.ಐ.ಟಿ. ಕೋರ್ಸು ಮರಾಠಿ, ಇಂಗ್ಲಿಷ್, ಹಿಂದಿಗಳಲ್ಲಿ ದೊರೆಯುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಿಂದ ಬಂದ ಮಗುವಿಗೆ ಅಲ್ಲಿ ತನ್ನ ಲಿಪಿ ಕಾಣುವುದಿಲ್ಲ. ತಮಿಳುನಾಡಿನ ಸರ್ಕಾರಿ ಬೆರಳಚ್ಚು ಪರೀಕ್ಷೆಗಳು ತಮಿಳು ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತವೆ. ತಾಳವಾಡಿಯ ಅಥವಾ ಹೊಸೂರಿನ ಕನ್ನಡ ವಿದ್ಯಾರ್ಥಿಗೂ ಅವೇ ಗತಿ. ರಾಜ್ಯಭಾಷೆಯನ್ನು ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ನಾವು ಬದುಕುವ ನೆಲದ ಭಾಷೆ ನಮಗೆ ಬೇಕೇ ಬೇಕು. ಆದರೆ ಮಗುವಿನ ಮನಸ್ಸಿನಲ್ಲಿ ಏನು ನಾಟುತ್ತದೆ ಎಂಬುದನ್ನು ಗಮನಿಸಿ: ಯಂತ್ರಕ್ಕೆ ಇಂಗ್ಲಿಷು, ಕಚೇರಿಗೆ ರಾಜ್ಯಭಾಷೆ, ಕನ್ನಡವೇನಿದ್ದರೂ ಮನೆಮಾತಿಗೆ.

ಇಂಗ್ಲಿಷ್ ಕಡತವೊಂದರಲ್ಲಿ ಮಗು ತನ್ನ ಹೆಸರು, ಅಜ್ಜನ ಹೆಸರು, ಊರಿನ ಹೆಸರು ಬರೆದ ಕೂಡಲೇ ಅವುಗಳ ಅಡಿಯಲ್ಲಿ ಕೆಂಪು ಗೆರೆ ಮೂಡುತ್ತದೆ. ಇದು ತಪ್ಪು ಎಂದು ಯಂತ್ರ ಹೇಳುತ್ತದೆ. ಆ ಗೆರೆ ಏಕೆ ಬಂತು, ಕಡತದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸುವುದು ಹೇಗೆ, ಕನ್ನಡಕ್ಕೂ ಕಾಗುಣಿತ ಪರೀಕ್ಷಕವಿದೆ ಎಂಬುದನ್ನು ಯಾರಾದರೂ ಐದು ನಿಮಿಷ ಹೇಳಿಕೊಟ್ಟರೆ ಸಾಕು. ಹೇಳಿಕೊಡದಿದ್ದರೆ ತಪ್ಪು ತನ್ನ ಭಾಷೆಯದೇ ಎಂಬ ಅಳುಕು ಮಗುವಿನೊಳಗೆ ಉಳಿಯುತ್ತದೆ.

ಸಾಧನಗಳಿಲ್ಲ ಎಂಬ ನೆಪ ಈಗ ಸಲ್ಲದು

ಕನ್ನಡಕ್ಕೆ ಗಣಕದಲ್ಲಿ ಸೌಕರ್ಯವಿಲ್ಲ ಎಂಬ ಕಾಲವೊಂದಿತ್ತು. ಅದು ಎಂದೋ ಕಳೆದಿದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಧ್ವನಿಗೆ ಅನುಗುಣವಾದ ಕೀಲಿಮಣೆಯನ್ನು ರೂಪಿಸಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಆ ವಿನ್ಯಾಸವನ್ನು ಆಧರಿಸಿ ಬಂತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಹೊರಬಂದು ಊರೂರಿಗೆ ತಲುಪಿತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಜಾಗ ದೊರೆತಿದೆ. ಇಂದು ವಿಂಡೋಸ್ ಇರಲಿ, ಉಬುಂಟು ಇರಲಿ, ಕನ್ನಡ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗಿಗೆ ಹೋಗಿ ಸೇರಿಸಿಕೊಂಡರೆ ಮುಗಿಯಿತು. ಲಿಬ್ರೆ ಆಫೀಸ್ ಎಂಬ ಪೂರ್ಣ ಕಚೇರಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹಳೆಯ ನುಡಿ, ಬರಹ, ಡಿಟಿಪಿ ಅಕ್ಷರಗಳಲ್ಲಿ ಸಿದ್ಧವಾದ ಕಡತಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೂ ಸಿಗುವುದಿಲ್ಲ. ಯುನಿಕೋಡಿನಲ್ಲಿ ಬರೆದುದು ಕಾಸರಗೋಡಿನಲ್ಲೂ ರಾಯದುರ್ಗದಲ್ಲೂ ದುಬೈಯಲ್ಲೂ ಹಾಗೆಯೇ ತೆರೆದುಕೊಳ್ಳುತ್ತದೆ. ಮಗುವಿಗೆ ಕಲಿಸುವುದಾದರೆ ಯುನಿಕೋಡಿನಿಂದಲೇ ಆರಂಭಿಸಬೇಕು.

ಒಂದೇ ಬೆರಳಭ್ಯಾಸ, ಹಲವು ಭಾಷೆ

ಕನ್ನಡ ಕೀಲಿಮಣೆ ಕಲಿತರೆ ರಾಜ್ಯಭಾಷೆಯ ಕೀಲಿಮಣೆಗೆ ಸಮಯ ಸಿಗುವುದಿಲ್ಲ, ಉದ್ಯೋಗಕ್ಕೆ ಅದೇ ಬೇಕಲ್ಲ ಎಂಬ ಚಿಂತೆ ನಿಮ್ಮಲ್ಲಿ ಅನೇಕರಿಗಿದೆ. ನ್ಯಾಯವಾದ ಚಿಂತೆ. ಅದಕ್ಕೆ ಉತ್ತರವೂ ಇದೆ, ಅದರ ಹೆಸರು ಇನ್‌ಸ್ಕ್ರಿಪ್ಟ್.

1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಲಿಪಿಗಳೆಲ್ಲಕ್ಕೂ ಹೊಂದುವ ಒಂದೇ ಕೀಲಿವಿನ್ಯಾಸವನ್ನು ತಂದಿತು. ನಮ್ಮ ಲಿಪಿಗಳ ರೂಪ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ ಎಂಬ ತಿಳಿವಳಿಕೆ ಅದಕ್ಕೆ ಆಧಾರ. ಕಕಾರ ಎಲ್ಲ ಭಾಷೆಯಲ್ಲೂ ಒಂದೇ ಕೀಲಿಯಲ್ಲಿ, ರಕಾರ ಇನ್ನೊಂದೇ ಕೀಲಿಯಲ್ಲಿ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಅಲ್ಪಪ್ರಾಣವಿರುವ ಕೀಲಿಯನ್ನೇ ಶಿಫ್ಟ್ ಜೊತೆಗೆ ಒತ್ತಿದರೆ ಅದರ ಮಹಾಪ್ರಾಣ.

ಈಗಲೇ ಪರೀಕ್ಷಿಸಬಹುದು. ಕನ್ನಡ ಇನ್‌ಸ್ಕ್ರಿಪ್ಟ್ ಆರಿಸಿಕೊಂಡು ಶಿಫ್ಟ್ ಹಿಡಿದು ಡಿ ಒತ್ತಿ, ಆಮೇಲೆ ಶಿಫ್ಟ್ ಬಿಟ್ಟು ಸಿ, ಡಿ, ಸಿ ಒತ್ತಿ. ಪರದೆಯ ಮೇಲೆ ‘ಅಮ್ಮ’ ಎಂಬ ಪದ ಮೂಡುತ್ತದೆ. ಕೀಲಿಮಣೆಯ ಭಾಷೆಯನ್ನು ಮಲಯಾಳಕ್ಕೆ ಬದಲಾಯಿಸಿ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಮಲಯಾಳ ಲಿಪಿಯ ಅಮ್ಮ ಬರುತ್ತದೆ. ತೆಲುಗಿಗೆ ಬದಲಾಯಿಸಿದರೆ ತೆಲುಗು ಲಿಪಿಯ ಅಮ್ಮ. ತಮಿಳಿನಲ್ಲಿ ಕೊನೆಯ ದೀರ್ಘಕ್ಕಾಗಿ ಇ ಕೀಲಿಯೊಂದನ್ನು ಹೆಚ್ಚಿಗೆ ಒತ್ತಬೇಕು, ಅಷ್ಟೇ. ಮರಾಠಿಯ ದೇವನಾಗರಿಗೂ ಇದೇ ಜಾಗಗಳು.

ಇದರ ಅರ್ಥವನ್ನು ಗಡಿಯಾಚೆಯ ಹೆತ್ತವರಷ್ಟು ಚೆನ್ನಾಗಿ ಬೇರೆ ಯಾರೂ ತಿಳಿಯಲಾರರು. ಮಂಜೇಶ್ವರದ ಮಗು ಕನ್ನಡದಲ್ಲಿ ಬೆರಳು ಪಳಗಿಸಿಕೊಂಡರೆ ಮಲಯಾಳ ಬೆರಳಚ್ಚಿನ ಬಹುಪಾಲು ಕೆಲಸ ಆಗಲೇ ಮುಗಿದಿರುತ್ತದೆ. ಆದವಾನಿಯ ಮಗುವಿಗೆ ತೆಲುಗಿನಲ್ಲೂ ಜತ್ತದ ಮಗುವಿಗೆ ಮರಾಠಿಯಲ್ಲೂ ಅದೇ ಲಾಭ. ತಮಿಳುನಾಡಿನಲ್ಲಿ ತಮಿಳ್99 ಎಂಬ ಬೇರೆ ವಿನ್ಯಾಸವೂ ರೂಢಿಯಲ್ಲಿದೆ. ಅದನ್ನು ಅಗತ್ಯ ಬಿದ್ದಾಗ ಕಲಿಯಬೇಕಾದೀತು. ಉಳಿದೆಡೆ ಮಾತೃಭಾಷೆಯ ಅಭ್ಯಾಸವೇ ರಾಜ್ಯಭಾಷೆಗೆ ಮೆಟ್ಟಿಲು.

ಇನ್‌ಸ್ಕ್ರಿಪ್ಟ್ ಮೊದಲ ಎರಡು ವಾರ ಕಷ್ಟವೆನಿಸುತ್ತದೆ ಎಂಬುದು ನಿಜ. ಇಂಗ್ಲಿಷ್ ಕೀಲಿಮಣೆ ಆಗಲೇ ಬಲ್ಲವರಿಗೆ ನುಡಿಯ ಕೆ.ಪಿ. ರಾವ್ ವಿನ್ಯಾಸ ಬೇಗ ಒಲಿಯುತ್ತದೆ; ಕರ್ನಾಟಕದಲ್ಲಿ ಉದ್ಯೋಗ ಬಯಸುವವರಿಗೆ ಅದು ಬಂದರೆ ಒಳ್ಳೆಯದು. ಎರಡರಲ್ಲಿ ಯಾವುದನ್ನು ಕಲಿತರೂ ಒಂದು ಗುಣ ಸಮಾನವಾಗಿದೆ: ಅಕ್ಷರವನ್ನು ಬಿಡಿಸಿ ನೋಡಬೇಕಾಗುತ್ತದೆ. ‘ಸ್ತ್ರೀ’ ಎಂದು ಬರೆಯಲು ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಹೆಜ್ಜೆ ಇಡಬೇಕು. ಇದು ಹಳೆಯ ಮಗ್ಗಿಪುಸ್ತಕದ ಕಾಗುಣಿತವೇ. ಮೊಬೈಲಿನಲ್ಲಿ ರೋಮನ್ ಅಕ್ಷರ ಒತ್ತಿ ಯಂತ್ರ ಸೂಚಿಸಿದ ಕನ್ನಡ ಪದವನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ ಈ ಶಿಕ್ಷಣ ಆಗುವುದಿಲ್ಲ. ಅಲ್ಲಿ ಲಕಾರ ಯಾವುದು, ಳಕಾರ ಯಾವುದು ಎಂದು ತೀರ್ಮಾನಿಸುವುದು ಯಂತ್ರ. ಮಗು ಒಪ್ಪಿಗೆ ಕೊಡುತ್ತದೆ ಅಷ್ಟೇ.

ಧ್ವನಿಯಿಂದಲೇ ಬರೆಯಬಹುದಲ್ಲ?

ಬಾಯಲ್ಲಿ ಹೇಳಿದರೆ ಗೂಗಲ್ ಡಾಕ್ಸ್ ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ಇನ್ನು ಬೆರಳಚ್ಚೇಕೆ ಎಂದು ಕೇಳುವವರಿದ್ದಾರೆ. ಧ್ವನಿಲೇಖನ ಒಳ್ಳೆಯ ಸೌಕರ್ಯ. ವಯಸ್ಸಾದವರಿಗೂ ಕಣ್ಣು ಮಂದವಾದವರಿಗೂ ವರವೇ. ಆದರೆ ಅದು ಕೊಡುವುದು ಕರಡು. ನಮ್ಮ ಕಾಸರಗೋಡಿನ ಕನ್ನಡಕ್ಕೂ ಸೊಲ್ಲಾಪುರದ ಕನ್ನಡಕ್ಕೂ ಇರುವ ಉಚ್ಚಾರದ ಬಳುಕು, ನಮ್ಮ ಮನೆತನದ ಹೆಸರು, ತರವಾಡಿನ ಹೆಸರು, ಗ್ರಾಮದ ಹೆಸರು ಅದಕ್ಕೆ ಪ್ರತಿ ಸಲ ದಕ್ಕುವುದಿಲ್ಲ. ತಿದ್ದುವುದಕ್ಕೆ ಕೀಲಿಮಣೆ ಬೇಕು. ಜೊತೆಗೆ ಪದಸಂಸ್ಕರಣೆ ಎಂದರೆ ಅಕ್ಷರ ಮೂಡಿಸುವುದಷ್ಟೇ ಅಲ್ಲ. ಬರಹಕ್ಕೆ ಅಂಗಾಂಗ ಕೊಡುವುದು. ಶೀರ್ಷಿಕೆಯನ್ನು ಶೀರ್ಷಿಕೆಯಾಗಿ ಗುರುತಿಸುವುದು, ಪುಟ ಬದಲಾಯಿಸಲು ಎಂಟರ್ ಕೀಲಿಯನ್ನು ಇಪ್ಪತ್ತು ಸಲ ಒತ್ತುವ ಬದಲು ಪುಟವಿರಾಮ ಹಾಕುವುದು, ಅಂಕಪಟ್ಟಿಯನ್ನು ಖಾಲಿ ಜಾಗಗಳಿಂದ ಜೋಡಿಸುವ ಬದಲು ಕೋಷ್ಟಕದಲ್ಲಿ ಇಡುವುದು, ವಿಷಯಸೂಚಿಯನ್ನು ಯಂತ್ರದಿಂದಲೇ ಮಾಡಿಸುವುದು. ಇವನ್ನು ಬಾಯಿಮಾತಿನಿಂದ ಸಾಧಿಸಲಾಗದು.

ಕೋರ್ಸು ಆರಿಸುವ ಮುನ್ನ ಕೇಳಬೇಕಾದವು

1. ಅಭ್ಯಾಸದ ಕಡತಗಳನ್ನು ಕನ್ನಡದಲ್ಲಿ ಸಲ್ಲಿಸಬಹುದೇ? ಬೋಧನೆ ಇಂಗ್ಲಿಷಿನಲ್ಲಿದ್ದರೂ ಚಿಂತೆಯಿಲ್ಲ, ಸಲ್ಲಿಸಲು ಅವಕಾಶವಿದ್ದರೆ ಅರ್ಧ ಗೆದ್ದಂತೆ.

2. ಯುನಿಕೋಡ್ ಕೀಲಿಮಣೆ ಅಳವಡಿಸುವುದನ್ನು ಕಲಿಸುತ್ತಾರೆಯೇ?

3. ದೃಶ್ಯಪಾಠ ನೋಡುವುದು ಎಷ್ಟು ಹೊತ್ತು, ಕೈಯಾರೆ ಮಾಡುವುದು ಎಷ್ಟು ಹೊತ್ತು? ಈಜನ್ನು ದಡದಲ್ಲಿ ಕುಳಿತು ನೋಡಿ ಕಲಿತವರಿಲ್ಲ.

4. ಮನೆಯಲ್ಲಿ ಮೊಬೈಲು ಮಾತ್ರ ಇದ್ದರೆ ಅಭ್ಯಾಸಕ್ಕೆ ಗಣಕ ಎಲ್ಲಿ ಸಿಗುತ್ತದೆ? ಕಾಲೇಜಿನ ಪ್ರಯೋಗಾಲಯ, ಗ್ರಂಥಾಲಯ, ಹಳೆಯ ಶಾಲೆ ಇವುಗಳಲ್ಲಿ ಒಂದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಣ್ಣ ಪರದೆಯ ಮೇಲೆ ಈ ವಿದ್ಯೆ ಕೈಹತ್ತುವುದಿಲ್ಲ.

5. ಪರೀಕ್ಷೆಯಲ್ಲಿ ಪ್ರಶ್ನೆಗೆ ಗುರುತು ಹಾಕಿದರೆ ಸಾಕೇ, ಒಂದು ಪತ್ರವನ್ನು ನಿಜವಾಗಿ ಸಿದ್ಧಪಡಿಸಬೇಕೇ?

ಹಣ ಕೊಡಲಾಗದವರು ನಿರಾಶರಾಗಬೇಕಿಲ್ಲ. ಮುಂಬಯಿಯ ಐಐಟಿ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆ ಆಫೀಸ್ ರೈಟರಿನ ಕಿರುಪಾಠಗಳಿವೆ. ಕನ್ನಡ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಧ್ವನಿ ನೀಡುವುದು ಆ ಯೋಜನೆಯ ಕ್ರಮ. ಪಾಠವನ್ನು ಪರದೆಯ ಅರ್ಧದಲ್ಲಿಟ್ಟು ಉಳಿದರ್ಧದಲ್ಲಿ ತಾನೇ ಮಾಡಿನೋಡುವುದು ಅವರು ಹೇಳುವ ವಿಧಾನ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಪಾಠಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಪರೀಕ್ಷೆಗಷ್ಟೇ ಕಟ್ಟಬೇಕು.

ಕೇರಳದ ಹೆತ್ತವರಿಗೆ ಇನ್ನೂ ಒಂದು ಅನುಕೂಲವಿದೆ. ಇಲ್ಲಿನ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆ ಈ ಶತಮಾನದ ಆರಂಭದಿಂದಲೇ ನಡೆದು, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಸ್ವತಂತ್ರ ತಂತ್ರಾಂಶವನ್ನೇ ಬಳಸುವ ಈ ವ್ಯವಸ್ಥೆಯಲ್ಲಿ ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ, ಎಸ್‌ಎಸ್‌ಎಲ್‌ಸಿಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ನಮ್ಮ ಮಕ್ಕಳು ಪದಸಂಸ್ಕರಣೆಯ ಮೊದಲ ಪಾಠವನ್ನು ಕನ್ನಡದಲ್ಲೇ ಓದಿರುತ್ತಾರೆ. ಆ ಎಳೆಯನ್ನು ಕಾಲೇಜು ಮುಂದುವರಿಸದೆ ಕಡಿದುಹಾಕುವುದು ನಷ್ಟ.

ಈ ವರ್ಷ ನಾವು ಮಾಡಬಹುದಾದುದು

ಕಾಲೇಜಿನ ಹೊಸ್ತಿಲಲ್ಲಿ ನಿಂತು ದೊಡ್ಡ ಬೇಡಿಕೆ ಇಡಬೇಕಿಲ್ಲ. ಕೋರ್ಸಿನ ಹತ್ತು ಅಭ್ಯಾಸಗಳಲ್ಲಿ ಎರಡನ್ನು ವಿದ್ಯಾರ್ಥಿಯ ಮಾತೃಭಾಷೆಯಲ್ಲಿ ಸಲ್ಲಿಸಲು ಅನುಮತಿ ಕೇಳೋಣ. ಈ ಬೇಡಿಕೆ ಕನ್ನಡಕ್ಕೆ ಮಾತ್ರ ಲಾಭ ತರುವಂಥದ್ದಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗು ಮಾತನಾಡುವ ಸಹಪಾಠಿಗಳಿಗೂ ಬೇಕಾದದ್ದೇ. ಆದ್ದರಿಂದ ವಿರೋಧ ಬರಲು ಕಾರಣವಿಲ್ಲ, ಜೊತೆಗಾರರು ಸಿಗಲು ಕಾರಣವಿದೆ.

ಕಲಿತ ಮಕ್ಕಳಿಗೆ ನಾವೇ ಕೆಲಸ ಕೊಡೋಣ. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯ ನೋಟೀಸನ್ನು ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆ ಹಳೆಯ ವಿದ್ಯಾರ್ಥಿಯೊಬ್ಬಳಿಗೆ ಇರಲಿ. ಹೆತ್ತವರ ಹೆಸರಿನ ಪಟ್ಟಿಯಿಂದ ಒಂದೊಂದು ಪತ್ರದಲ್ಲಿ ಒಬ್ಬೊಬ್ಬರ ಹೆಸರು ತಾನಾಗಿ ಬರುವಂತೆ ಮಾಡುವ ಮೇಲ್ ಮರ್ಜ್ ವಿಧಾನವನ್ನು ಆಕೆ ಅಲ್ಲೇ ಕಲಿಯುತ್ತಾಳೆ. ಶಾಲೆಯ ಹಸ್ತಪತ್ರಿಕೆಯನ್ನು ಮಕ್ಕಳೇ ಬೆರಳಚ್ಚಿಸಲಿ. ಬಸ್ಸು ಬಾರದ, ನೀರು ಬಾರದ, ಕನ್ನಡ ಅಧ್ಯಾಪಕರ ಹುದ್ದೆ ತುಂಬದ ಕುರಿತ ಮನವಿಯನ್ನು ಕನ್ನಡದಲ್ಲಿ ಬರೆದು, ಬೇಕಿದ್ದರೆ ರಾಜ್ಯಭಾಷೆಯ ಅನುವಾದ ಲಗತ್ತಿಸಿ, ಕಚೇರಿಗೆ ಕಳುಹಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳೋಣ. ಅಂಥ ನೂರು ಕಾಗದಗಳು ನೂರು ಭಾಷಣಗಳಿಗಿಂತ ಹೆಚ್ಚು ಕಾಲ ಉಳಿಯುತ್ತವೆ.

ಕನ್ನಡ ಮಾಧ್ಯಮಕ್ಕೆ ಮಗುವನ್ನು ಸೇರಿಸಲು ಹಿಂಜರಿಯುವ ತರುಣ ದಂಪತಿಗಳು ಕೇಳುವ ಮೊದಲ ಪ್ರಶ್ನೆ, ಇದರಿಂದ ಮುಂದೇನು ಎಂಬುದು. ಕನ್ನಡದಲ್ಲಿ ಓದಿ, ಕನ್ನಡದಲ್ಲೂ ರಾಜ್ಯಭಾಷೆಯಲ್ಲೂ ಇಂಗ್ಲಿಷಿನಲ್ಲೂ ಸರಾಗವಾಗಿ ಬೆರಳಚ್ಚಿಸುವ, ಶುದ್ಧವಾಗಿ ಕರಡು ತಿದ್ದುವ, ಅನುವಾದಿಸುವ ಯುವತಿಯೊಬ್ಬಳು ಪಕ್ಕದ ಮನೆಯಲ್ಲಿದ್ದರೆ ಆ ಪ್ರಶ್ನೆಗೆ ನಾವು ಉತ್ತರ ಹುಡುಕಬೇಕಿಲ್ಲ. ಮೂರು ಭಾಷೆ ಬಲ್ಲ ಕೈಗೆ ಪತ್ರಿಕೆ, ಮುದ್ರಣ, ಅನುವಾದ, ಕಚೇರಿ ಎಲ್ಲೆಡೆ ಕೆಲಸವಿದೆ. ಗಡಿಯಲ್ಲಿ ಹುಟ್ಟಿದ್ದನ್ನು ಕೊರತೆಯೆಂದು ಎಣಿಸಿದ ನಮಗೆ ಅದು ಬಂಡವಾಳವೆಂದು ತೋರಿಸುವ ಸಾಧನ ಈಗ ಮೇಜಿನ ಮೇಲಿದೆ.

ಈ ಟಿಪ್ಪಣಿಯನ್ನು ನಿಮ್ಮ ಶಾಲೆಯ ಹೆತ್ತವರ ಬಳಗಕ್ಕೆ ತಲುಪಿಸಿ. ನಿಮ್ಮ ಊರಿನ ಕಾಲೇಜಿನಲ್ಲಿ ಕನ್ನಡದಲ್ಲಿ ಅಭ್ಯಾಸ ಸಲ್ಲಿಸಲು ಅವಕಾಶ ಸಿಕ್ಕಿದೆಯೇ ಎಂಬುದನ್ನು ಕೆಳಗೆ ಬರೆಯಿರಿ, ಕನ್ನಡ ಲಿಪಿಯಲ್ಲೇ ಬರೆಯಿರಿ. ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.